ಮೋಟಾರು ಸೈಕಲಿನ ಮುಂಗಾಲು ಸೋರಿದಾಗ

ನಮ್ಮ ಗಡಿನಾಡಿನ ಮನೆಗಳಲ್ಲಿ ಮೋಟಾರು ಸೈಕಲು ಇಂದು ವಿಲಾಸದ ವಸ್ತುವಲ್ಲ. ಪೇಟೆಗೂ ಆಸ್ಪತ್ರೆಗೂ ಶಾಲೆಗೂ ಅದೇ ಆಧಾರ. ಆದುದರಿಂದ ಅದರ ಮುಂಗಾಲಿನಲ್ಲಿ ಎಣ್ಣೆ ಜಿನುಗುವ ವಿಚಾರವು ಮೆಕ್ಯಾನಿಕರಿಗೆ ಮಾತ್ರ ಸೇರಿದುದೆಂದು ನಾನು ಭಾವಿಸುವುದಿಲ್ಲ.

ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳಿಗೆ ಫೋರ್ಕ್ ಎಂದು ಹೆಸರು. ಕ್ರೋಮಿಯಂ ಲೇಪದ ನುಣುಪಾದ ಉಕ್ಕಿನ ಕೊಳವೆಯೊಂದು ಅಗಲವಾದ ಹೊರಗೊಳವೆಯೊಳಗೆ ಜಾರುತ್ತದೆ. ಒಳಗಿನ ಸ್ಪ್ರಿಂಗು ರಸ್ತೆಯ ಕುಲುಕನ್ನು ಹೊರುತ್ತದೆ. ಸಣ್ಣ ರಂಧ್ರಗಳಲ್ಲಿ ಹಾಯುವ ಎಣ್ಣೆ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆ 1935ರಲ್ಲಿಯೇ ತನ್ನ ಆರ್ 12 ವಾಹನಕ್ಕೆ ಈ ಏರ್ಪಾಡನ್ನು ಅಳವಡಿಸಿತ್ತು. ಎಣ್ಣೆ ಹೊರಬಾರದಂತೆ ತಡೆಯುವುದು ಒಂದು ರಬ್ಬರಿನ ಉಂಗುರ. ಅದೇ ಆಯಿಲ್ ಸೀಲು. ಅದರ ಮೇಲುಗಡೆ ಧೂಳನ್ನು ತಡೆಯುವ ಮತ್ತೊಂದು ಸೀಲಿದೆ.

ನನ್ನ ಸಹೋದ್ಯೋಗಿಗಳಾದ ತರುಣ ಅಧ್ಯಾಪಕರೊಬ್ಬರು ದಿನವೂ ಕುಂಬಳೆಯ ಕಡಲ ಬದಿಯಿಂದ ಬದಿಯಡ್ಕದ ಕಡೆಗೆ ಪುಟ್ಟ ಮಗಳನ್ನು ಕೂರಿಸಿಕೊಂಡು ಬರುತ್ತಾರೆ. ಕಳೆದ ಮಳೆಗಾಲದಲ್ಲಿ ಅವರ ವಾಹನದ ಎಡಗಾಲಿನ ಸೀಲನ್ನು ಮೂರು ತಿಂಗಳಲ್ಲಿ ಎರಡು ಬಾರಿ ಬದಲಾಯಿಸಿದರೂ ಸೋರಿಕೆ ನಿಲ್ಲಲಿಲ್ಲ. "ಎರಡು ತೊಟ್ಟು ಎಣ್ಣೆ ತಾನೆ, ಮಾಸ್ಟ್ರೇ" ಎಂದರು. ನಾನು ಕೆಳಗಿನ ಡಿಸ್ಕ್ ಬ್ರೇಕನ್ನು ತೋರಿಸಿದೆ. ಆ ಎರಡು ತೊಟ್ಟು ಇಳಿದು ಬ್ರೇಕಿನ ಪ್ಯಾಡಿಗೆ ತಗಲಿದರೆ, ಇಳಿಜಾರಿನಲ್ಲಿ ಬ್ರೇಕು ಹಿಡಿಯಲಾರದು; ಹಿಂದೆ ಕುಳಿತಿರುವುದು ಮಗು. ಅವರು ಮರುಮಾತಾಡಲಿಲ್ಲ.

ಕೊಳವೆಯನ್ನು ಒರೆಸಿ ಅದರ ಮೇಲೆ ಉಗುರನ್ನು ಮೆಲ್ಲನೆ ಎಳೆದಾಗ ಕಾರಣ ತಿಳಿಯಿತು. ಸಾಸಿವೆಗಿಂತ ಸಣ್ಣದಾದ ತುಕ್ಕಿನ ಕುಳಿಯೊಂದು ಉಗುರಿಗೆ ತಡೆಯಿತು. ಕಡಲಗಾಳಿಯ ಉಪ್ಪು ಕ್ರೋಮಿಯಂ ಲೇಪವನ್ನು ತಿಂದಿತ್ತು. ಪ್ರತಿ ಕುಲುಕಿಗೂ ಆ ಕುಳಿ ಹೊಸ ಸೀಲಿನ ತುಟಿಯನ್ನು ಗೀರುತ್ತಿತ್ತು. ಅಳುವ ಮಗುವಿನ ಕಣ್ಣೊರೆಸಿದರೆ ಹೊಟ್ಟೆನೋವು ಹೋಗುವುದೆ? ಸೋರುವುದು ಸೀಲಾದರೂ ದೋಷವು ಅನೇಕ ವೇಳೆ ಬೇರೆಡೆ ಇರುತ್ತದೆ.

ಕಾರಣಗಳು ಹಲವು. ಮುರಕಲ್ಲಿನ ಕೆಂಪುಧೂಳು ಸೀಲಿನ ತುಟಿಯಡಿ ಸಿಲುಕಬಹುದು. ವರ್ಷಗಳು ಕಳೆದು ರಬ್ಬರು ಗಟ್ಟಿಯಾಗಬಹುದು. ಗುಂಡಿಗೆ ಬಿದ್ದು ಕೊಳವೆ ಬಾಗಿರಬಹುದು, ಒಳಗಿನ ಬುಷ್ ಸವೆದಿರಬಹುದು, ಎಣ್ಣೆಯನ್ನು ಅಳತೆ ಮೀರಿ ತುಂಬಿರಬಹುದು. ಪರೀಕ್ಷೆ ಸುಲಭ: ಕೊಳವೆಯನ್ನು ಶುಚಿಯಾಗಿ ಒರೆಸಿ, ಮುಂದಿನ ಬ್ರೇಕು ಹಿಡಿದು, ಹ್ಯಾಂಡಲನ್ನು ಎಂಟು ಹತ್ತು ಬಾರಿ ಒತ್ತಿರಿ. ಕೊಳವೆಯ ಸುತ್ತ ಎಣ್ಣೆಯ ಉಂಗುರ ಮೂಡಿದರೆ ಸೋರಿಕೆ ನಿಜ.

ಸಿಲುಕಿರುವುದು ಬರಿಯ ಧೂಳಾದರೆ ಖರ್ಚಿಲ್ಲದ ಉಪಾಯವೊಂದಿದೆ. ಧೂಳಿನ ಸೀಲನ್ನು ಮೇಲಕ್ಕೆ ಸರಿಸಿ, ಹಳೆಯ ಎಕ್ಸ್‌ರೇ ಫಿಲ್ಮಿನ ತುಂಡಿಗೆ ಕೊಕ್ಕೆಯಂತೆ ಕಚ್ಚು ಮಾಡಿ, ಕೊಳವೆಗೂ ಆಯಿಲ್ ಸೀಲಿಗೂ ನಡುವೆ ತೂರಿಸಿ, ಸುತ್ತಲೂ ಆಡಿಸಿ ಹೊರಗೆಳೆಯಬೇಕು. ಕಸ ಅದರೊಡನೆ ಬರುತ್ತದೆ. ಲೋಹದ ಅಲಗನ್ನು ಮಾತ್ರ ಎಂದಿಗೂ ತೂರಿಸಬಾರದು.

ಅದರಿಂದಲೂ ನಿಲ್ಲದಿದ್ದರೆ ಸೀಲನ್ನು ಬದಲಾಯಿಸಬೇಕು. ಎರಡೂ ಕಾಲುಗಳ ಸೀಲುಗಳನ್ನು ಒಟ್ಟಿಗೆ ಬದಲಾಯಿಸಿ, ಕೈಪಿಡಿಯಲ್ಲಿ ಹೇಳಿದಷ್ಟೇ ಹೊಸ ಎಣ್ಣೆಯನ್ನು ಎರಡಕ್ಕೂ ಸಮನಾಗಿ ಹಾಕಿಸುವುದು ಲೇಸು. ಹೊಸ ಸೀಲನ್ನು ತೊಡಿಸುವಾಗ ಕೊಳವೆಯ ತುದಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಎಣ್ಣೆ ಸವರಿದರೆ ತುಟಿ ಹರಿಯದು. ಒಳಗಿನ ಸ್ಪ್ರಿಂಗು ಒತ್ತಡದಲ್ಲಿರುವುದರಿಂದ, ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡಬೇಕು. ಕೊಳವೆಯ ಸಣ್ಣ ಗೀರನ್ನು ಅತಿ ನಯವಾದ ಉಜ್ಜುಕಾಗದದಿಂದ ತಿದ್ದಬಹುದು. ಆಳವಾದ ಕುಳಿಯಿದ್ದರೆ ಮತ್ತೆ ಕ್ರೋಮಿಯಂ ಲೇಪಿಸಬೇಕು, ಇಲ್ಲವೆ ಕೊಳವೆಯನ್ನೇ ಬದಲಾಯಿಸಬೇಕು. ನಮ್ಮ ಅಧ್ಯಾಪಕರು ಕೊನೆಗೆ ಕೊಳವೆಯನ್ನೇ ಬದಲಾಯಿಸಿದರು. ಎರಡು ಸೀಲುಗಳ ಹಣ ಅದಾಗಲೇ ವ್ಯರ್ಥವಾಗಿತ್ತು. ಎಣ್ಣೆ ಹೀರಿದ ಬ್ರೇಕ್ ಪ್ಯಾಡನ್ನು ಒರೆಸಿ ಮತ್ತೆ ಬಳಸುವುದಂತೂ ಉಳಿತಾಯವಲ್ಲ, ಹೊಸದನ್ನೇ ಹಾಕಿಸಬೇಕು.

ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಮಳೆಗಾಲದಲ್ಲಿ ಮನೆಗೆ ಮರಳಿದೊಡನೆ ಕೊಳವೆಯ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿರಿ. ರಭಸದ ನೀರನ್ನು ನೇರವಾಗಿ ಸೀಲಿಗೆ ಹಾಯಿಸಬೇಡಿರಿ. ವರ್ಕ್‌ಶಾಪಿನಲ್ಲಿ ಹೊಸ ಸೀಲು ಹಾಕುವ ಮೊದಲು, "ಕೊಳವೆಯನ್ನು ಒಮ್ಮೆ ಉಗುರಿನಿಂದ ನೋಡಿರಿ" ಎಂದು ವಿನಯದಿಂದ ಕೇಳಿರಿ.