ಹಲಗಿ ಹಿಡಿದ ಕೈಗೂ ಒಂದು ಹೆಸರಿದೆ

ಬಾಗಲಕೋಟೆಯಲ್ಲಿ ಹೋಳಿ ಬಂತೆಂದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಬಣ್ಣದ ಬಂಡಿಗಳು ಬೀದಿಗಿಳಿಯುವ ಮುಂಚೆಯೇ ಕಿಲ್ಲಾ, ಜೈನಪೇಟೆ, ವೆಂಕಟಪೇಟೆಯ ಓಣಿಗಳಲ್ಲಿ ಹಲಗಿ ಸದ್ದು ಏಳುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಊರಿನ ಒಂದು ಭಾಗವೇ ಹೋಗಿ ಎಷ್ಟೋ ಮನೆತನಗಳು ನವನಗರ ಸೇರಿದವು. ಆದರೂ ಈ ಸದ್ದಿಗೆ ಜನ ಹಳೇ ಊರಿಗೇ ಬರುತ್ತಾರೆ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡು, ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ ಹಿಡಿದು ವಾದಕರು ನಿಲ್ಲುತ್ತಾರೆ. ಶಹನಾಯಿ ಒಂದು ಸೊಲ್ಲು ಎತ್ತುತ್ತದೆ, ಹಲಗಿ ಉತ್ತರ ಕೊಡುತ್ತದೆ. ಶಹನಾಯಿ ಕೆಣಕಿದರೆ ಹಲಗಿ ಅದನ್ನೂ ಮೀರಿ ಹೋಗುತ್ತದೆ. ಇದನ್ನು ಯಾರೂ ಬರೆದಿಟ್ಟುಕೊಂಡಿಲ್ಲ. ನುಡಿಸುತ್ತಲೇ ಹುಟ್ಟಿಸಬೇಕು.

ಜಾಝ್ ಎಂಬ ದೂರದ ಸಂಗೀತ ನನಗೆ ಒಲಿದದ್ದು ಈ ಹಲಗಿಯ ದೆಸೆಯಿಂದ. ಅಮೆರಿಕದ ಡ್ರಮ್ ವಾದಕ ಮ್ಯಾಕ್ಸ್ ರೋಚ್ ಅವರನ್ನು ಕೇಳುವಾಗಲೆಲ್ಲ ನಮ್ಮೂರ ಓಣಿಯೇ ನೆನಪಾಗುತ್ತದೆ. 1924ರಲ್ಲಿ ಉತ್ತರ ಕ್ಯಾರೊಲಿನಾದಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಅವರು, ಇಪ್ಪತ್ತರ ಆಸುಪಾಸಿನಲ್ಲೇ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಅವರಿಗೆ ಜೊತೆಯಾದರು. ಅಲ್ಲಿಯವರೆಗೆ ಡ್ರಮ್ಮಿನ ಕೆಲಸ ಕುಣಿಯುವವರಿಗೆ ಲಯ ತಪ್ಪದಂತೆ ನೋಡಿಕೊಳ್ಳುವುದು ಎಂದೇ ಬಹಳ ಜನ ತಿಳಿದಿದ್ದರು. ರೋಚ್ ಅದನ್ನು ಮಾತಾಡಿಸಿದರು. 1960ರಲ್ಲಿ ಕಪ್ಪು ಜನರ ಬಿಡುಗಡೆಗಾಗಿಯೇ ಒಂದು ಧ್ವನಿಮುದ್ರಿಕೆ ಮಾಡಿದರು. 1966ರಲ್ಲಿ ಬೇರಾವ ವಾದ್ಯದ ನೆರವೂ ಇಲ್ಲದೆ ಡ್ರಮ್ ಒಂದರಿಂದಲೇ ಪೂರ್ಣ ರಚನೆಗಳನ್ನು ಕಟ್ಟಿದರು. 1970ರಲ್ಲಿ ತಾಳವಾದ್ಯದವರದೇ ಒಂದು ಮೇಳ ಕೂಡಿಸಿದರು. ಮುಂದೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2007ರಲ್ಲಿ ತೀರಿಕೊಂಡರು.

ಇದು ಒಬ್ಬ ವಾದಕರ ಏಳಿಗೆಯಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಇದರ ಹಿಂದೆ ಕಪ್ಪು ಜನರ ಡೋಲಿನ ಕಥೆಯಿದೆ. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಗುಲಾಮರು ಡೋಲು ಬಾರಿಸುತ್ತಾ ದಂಗೆ ಎದ್ದರು. ಮರುವರ್ಷವೇ ಒಡೆಯರು ಕಾನೂನು ತಂದು ಆ ಜನರ ಕೈಯಿಂದ ಡೋಲನ್ನು ಕಿತ್ತುಕೊಂಡರು. ಆದರೆ ನ್ಯೂ ಆರ್ಲಿಯನ್ಸ್‌ನ ಕಾಂಗೋ ಚೌಕದಲ್ಲಿ ಭಾನುವಾರಗಳಂದು ಆ ಲಯ ಉಸಿರಾಡುತ್ತಿತ್ತು. ಅದೇ ಊರಿನಲ್ಲಿ ಮುಂದೆ ಜಾಝ್ ಹುಟ್ಟಿತು. ಕಾಲಿನಿಂದ ದೊಡ್ಡ ಡ್ರಮ್ ಬಾರಿಸುವ ಪೆಡಲ್ 1909ರ ಹೊತ್ತಿಗೆ ಬಂದಮೇಲೆ, ಒಬ್ಬನೇ ಕುಳಿತು ಕೈಕಾಲುಗಳಿಂದ ಇಡೀ ಮೇಳವನ್ನು ನಡೆಸುವಂತಾಯಿತು.

ಇಲ್ಲಿಯ ಕಥೆಯೂ ಇದಕ್ಕಿಂತ ದೂರವಿಲ್ಲ. ಹಲಗಿಯನ್ನು ತಲೆಮಾರುಗಳಿಂದ ಕಾಪಾಡಿದವರು ಊರ ಹೊರಗೆ ಇರಿಸಲ್ಪಟ್ಟ ದಲಿತರು. ಜಾತ್ರೆಗೆ, ಡಂಗುರಕ್ಕೆ, ಹೆಣದ ಮುಂದೆ ಅವರು ಬೇಕಾಗಿದ್ದರು, ಪಂಕ್ತಿಯಲ್ಲಿ ಬೇಡವಾಗಿದ್ದರು. ಈ ಅವಮಾನ ಸಾಕೆಂದು ಹಲಗಿಯನ್ನೇ ಕೆಳಗಿಟ್ಟವರಿದ್ದಾರೆ, ಅವರ ನಿರ್ಧಾರದಲ್ಲಿ ನ್ಯಾಯವಿದೆ. ಹೋಳಿಯಲ್ಲಿ ಎಲ್ಲ ಓಣಿಯ ಹುಡುಗರೂ ಹಲಗಿ ಹಿಡಿಯುವುದನ್ನು ಕಂಡು ಹಿಗ್ಗುತ್ತೇನೆ. ಆದರೆ ಅದನ್ನು ಕಲಿಸಿಕೊಟ್ಟ ಮನೆತನಗಳಿಗೆ ಹಬ್ಬ ಮುಗಿದ ಮೇಲೂ ಅದೇ ಮರ್ಯಾದೆ ಸಿಗಬೇಕು.

ಈ ಮರ್ಯಾದೆ ನಮ್ಮ ಸೀಮೆಗೆ ಹೊಸದಲ್ಲ. ಬಾದಾಮಿಯ ಮೊದಲನೇ ಗುಹೆಯ ಬಾಗಿಲಲ್ಲಿ ಹದಿನೆಂಟು ತೋಳಿನ ನಟರಾಜನಿದ್ದಾನೆ. ಅವನ ಪಕ್ಕ ಗಣಪತಿ, ಗಣಪತಿಯ ಬಳಿಯಲ್ಲೇ ಕುಳಿತು ವಾದ್ಯ ನುಡಿಸುವವನೊಬ್ಬ. ಆರನೇ ಶತಮಾನದ ಚಾಲುಕ್ಯ ಶಿಲ್ಪಿಗೆ ತಾಳ ಕೊಡುವವನಿಲ್ಲದೆ ಶಿವನೂ ಕುಣಿಯಲಾರ ಎಂಬುದು ತಿಳಿದಿತ್ತು. ಹನ್ನೆರಡನೇ ಶತಮಾನದ ಶರಣರು ಇನ್ನೂ ಮುಂದೆ ಹೋದರು. ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದ ಬಸವಣ್ಣನವರ ಆ ಬಳಗದಲ್ಲಿ ಢಕ್ಕೆಯ ಬೊಮ್ಮಣ್ಣ ಎಂಬ ವಚನಕಾರರಿದ್ದರು. ಢಕ್ಕೆ ಬಾರಿಸುವುದೇ ಅವರ ಕಾಯಕ. ಆ ಕಾಯಕವೇ ಅವರ ಹೆಸರಿನ ಮೊದಲಲ್ಲಿ ನಿಂತು ಗೌರವವಾಯಿತು.

ನಮ್ಮ ಕಾಲದಲ್ಲಿ ಈ ದಾರಿ ಹಿಡಿದವರು ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ. 1964ರಲ್ಲಿ ಬೆಂಗಳೂರಿನಲ್ಲಿ ಅವರು ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಕಟ್ಟಿದರು. ಪಕ್ಕವಾದ್ಯ ಎನಿಸಿಕೊಂಡವುಗಳನ್ನೇ ಮುಂದಿಟ್ಟು ತಾಳ ತರಂಗಿಣಿ ಎಂಬ ಮೇಳ ನಡೆಸಿದರು. ಅವರ ಮಡದಿ, ಗಾಯಕಿ ಆರ್.ಎ. ರಮಾಮಣಿ ಮತ್ತು ಈ ಕಾಲೇಜಿನ ತಂಡ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಕೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಮಾಡಿದರು. ಕರ್ನಾಟಕದ ಲಯ ಯುರೋಪಿನ ಜಾಝ್ ವೇದಿಕೆಗಳನ್ನು ಏರಿತು, ಅದೂ ಸರಿಸಮನಾಗಿ.

ಈ ಸರಿಸಮ ಸ್ಥಾನ ನಮ್ಮ ಹಲಗಿಯವರಿಗೂ ಸಲ್ಲಬೇಕು. ಹೋಳಿಯ ಕರಪತ್ರ ಅಚ್ಚು ಹಾಕಿಸುವವರು, ಬನಶಂಕರಿ ಜಾತ್ರೆಯ ಕಾರ್ಯಕ್ರಮ ಹೊಂದಿಸುವವರು, ಚಾಲುಕ್ಯ ಉತ್ಸವ ನಡೆಸುವವರು, ಇಳಕಲ್ಲಿನ ಮದುವೆಗೆ ಮೇಳ ಕರೆಸುವವರು ದಯವಿಟ್ಟು ಇಷ್ಟು ಮಾಡಿ. ‘ಹಲಗಿ ಮೇಳ’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ನುಡಿಸುವ ಒಬ್ಬೊಬ್ಬರ ಹೆಸರನ್ನೂ ಗಾಯಕರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಸಂಭಾವನೆಯನ್ನು ಮೊದಲೇ ಮಾತಾಡಿ, ಅಂದೇ ಕೊಡಿ. ಊಟಕ್ಕೆ ನಿಮ್ಮ ಸಾಲಿನಲ್ಲೇ ಕೂಡಿಸಿಕೊಳ್ಳಿ.