ಅಳಿಸಬಾರದ ತಪ್ಪು

2020ನೆಯ ಇಸವಿಯಲ್ಲಿ ಉದ್ಯೋಗವನ್ನು ಕಳೆದುಕೊಂಡ ನಾನು, ಲಗ್ಗೆರೆಯ ಮನೆಯಲ್ಲಿಯೇ ಕುಳಿತು, ಅಪ್‌ವರ್ಕ್ ಮುಂತಾದ ತಾಣಗಳಲ್ಲಿ ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವ ಬಿಡಿಗೆಲಸವನ್ನು ಅರಸತೊಡಗಿದೆನು. ಬಹುಕಾಲ ಯಾರೂ ಉತ್ತರಿಸಲಿಲ್ಲ. ರೂಟ್ ಪಾಸ್‌ವರ್ಡೆಂಬುದು ಮನೆಯ ಬೀಗದ ಕೈ. ಮುಖವರಿಯದವಳಿಗೆ ಅದನ್ನು ಯಾರು ಕೊಟ್ಟಾರು?

ಕಡೆಗೆ, ತುಂಬಿಹೋದ ಡಿಸ್ಕೊಂದನ್ನು ಸರಿಪಡಿಸುವ ಅಲ್ಪ ಕೆಲಸವು ದೊರೆಯಿತು. ಹಳೆಯ ಲಾಗ್ ಕಡತಗಳೊಡನೆ ಬೇಕಾದ ಕಡತವೊಂದನ್ನೂ ಅಳಿಸಿಬಿಟ್ಟೆನು. ಮೊದಲೇ ಬ್ಯಾಕಪ್ ತೆಗೆದಿದ್ದೆನಾದುದರಿಂದ ಅದನ್ನು ಮರಳಿ ಇರಿಸಿದೆನು. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆಗ ನಮ್ಮ ಶಾಲೆಯ ಗಣಿತದ ಉಪಾಧ್ಯಾಯಿನಿಯವರ ಮಾತು ನೆನಪಾಯಿತು: “ತಪ್ಪು ಲೆಕ್ಕವನ್ನು ಅಳಿಸಬೇಡಿ, ಗೆರೆ ಎಳೆದು, ಕೆಳಗೆ ಸರಿಯಾಗಿ ಬರೆಯಿರಿ.” ನಡೆದುದನ್ನೆಲ್ಲ ವರದಿಯಲ್ಲಿ ಬರೆದು ಕಳುಹಿಸಿ, ಇರುಳೆಲ್ಲ ನಿದ್ರೆಗೆಟ್ಟೆನು.

ಬೆಳಿಗ್ಗೆ ಉತ್ತರ ಬಂದಿತು: “ಉಳಿದೆರಡು ಸರ್ವರುಗಳನ್ನೂ ನೀವೇ ನೋಡಿಕೊಳ್ಳಿ.”

ಪ್ರಿಯ ಸೋದರಿಯರೇ, ಬೀಗದ ಕೈ ನನಗೆ ದೊರೆತುದು ಹೀಗೆ.