ಗುಂಪು ಸೇರಿದರೆ ಸೇಲ್ಸ್ ಆಗುತ್ತಾ?

ಡೈರೆಕ್ಟ್ ಸೆಲ್ಲಿಂಗ್ ಮಾಡುವವರ ಮೊದಲ ಗ್ರಾಹಕರು ಅತ್ತಿಗೆ, ಚಿಕ್ಕಮ್ಮ, ಪಕ್ಕದ ಮನೆಯವರು. ಆ ಪಟ್ಟಿ ಮುಗಿದ ಮೇಲೆ ನಮ್ಮ ಫೋನನ್ನೇ ಯಾರೂ ಎತ್ತಲ್ಲ! ಸ್ಕಿನ್‌ಕೇರ್ ಮಾರುವ ನಾನು, ಸಂಬಂಧಗಳಾದರೂ ಉಳೀಲಿ ಅಂತ ಒಂದು ನೆಟ್‌ವರ್ಕಿಂಗ್ ಗುಂಪು ಸೇರಿದೆ.

1985ರಲ್ಲಿ ಐವನ್ ಮಿಸ್ನರ್ ಅಮೆರಿಕದಲ್ಲಿ ಶುರುಮಾಡಿದ ಬಿಎನ್‌ಐನಂತೆ ನಮ್ಮಲ್ಲೂ ವಾರಕ್ಕೊಂದು ಮೀಟಿಂಗ್, ಒಂದು ವೃತ್ತಿಗೆ ಒಬ್ಬರೇ ಸದಸ್ಯರು. ಹಾಗಾಗಿ ಪೈಪೋಟಿ ಇಲ್ಲ. ಆದರೆ ಅಲ್ಲಿರುವ 25 ಜನಕ್ಕೇ ಕ್ರೀಮ್ ಮಾರಿದರೆ ಒಂದೇ ತಿಂಗಳಿಗೆ ಕಥೆ ಮುಗೀತು. ಅವರು ಗ್ರಾಹಕರಲ್ಲ, ದಾರಿ ತೋರಿಸುವವರು. ಮದುವೆ ಫೋಟೋಗ್ರಾಫರ್ ಒಬ್ಬರು ಕಳಿಸಿದ ಮದುಮಗಳಿಂದ ನನಗೆ ಮೂರು ಹೊಸ ಮನೆ ಸಿಕ್ಕವು. ನಾನೂ ಅವರಿಗೆ ಎರಡು ನಾಮಕರಣ ಕೊಡಿಸಿದೆ.

2021ರ ನೇರ ಮಾರಾಟ ನಿಯಮಗಳ ಪ್ರಕಾರ ಗುರುತಿನ ಚೀಟಿ, ಮುಂಚೆಯೇ ಪಡೆದ ಒಪ್ಪಿಗೆ ಇಲ್ಲದೆ ನಾವು ಯಾರ ಮನೆಗೂ ಹೋಗುವಂತಿಲ್ಲ. ಗೊತ್ತಿರುವವರು ಹೇಳಿ ಕಳಿಸಿದರೆ ಆ ಒಪ್ಪಿಗೆ ಸುಲಭ.

ಸೇರೋ ಮುಂಚೆ ಲೆಕ್ಕ ಹಾಕಿ. ವರ್ಷದ ಶುಲ್ಕ, ತಿಂಡಿ, ಪೆಟ್ರೋಲ್ ಹುಟ್ಟಲು ನಿಮ್ಮ ಮಾರ್ಜಿನ್‌ನಲ್ಲಿ ಎಷ್ಟು ಆರ್ಡರ್ ಬೇಕು? ಅಲ್ಲಿ ‘ನನ್ನ ಟೀಮ್ ಸೇರಿ’ ಅಂತ ಮಾತ್ರ ಶುರುಮಾಡ್ಬೇಡಿ, ನಂಬಿಕೆ ಅವತ್ತೇ ಹೋಗುತ್ತೆ. ಆರು ತಿಂಗಳು ಕಾಯುವ ತಾಳ್ಮೆ ಇಲ್ವಾ? ಆ ದುಡ್ಡನ್ನು ಸ್ಯಾಂಪಲ್‌ಗೆ ಹಾಕೋದೇ ವಾಸಿ.